ಭಾಗವತರು ಪದ ಎತ್ತಿದರೆ ಮಾತು ನಿಲ್ಲಬೇಕು

ಕೆಲವು ವರ್ಷಗಳ ಹಿಂದೆ ಮುಂಬಯಿಯ ಲೋವರ್ ಪರೇಲಿನಲ್ಲಿದ್ದ ನಮ್ಮ ಕಚೇರಿಯಲ್ಲಿ ‘ಮೌಲ್ಯ ಸಮಿತಿ’ ಎಂಬುದೊಂದು ಹುಟ್ಟಿಕೊಂಡಿತು. ಏಳು ಜನ, ಮೂರು ಸಭೆ, ಲೆಕ್ಕವಿಲ್ಲದಷ್ಟು ಬಿಸ್ಕತ್ತು. ನಾನೂ ಆ ಏಳರಲ್ಲಿ ಒಬ್ಬ. ಕೊನೆಗೆ ಐದು ಪದಗಳನ್ನು ಆರಿಸಿ ಲಿಫ್ಟಿನ ಎದುರಿನ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದೆವು: ಪ್ರಾಮಾಣಿಕತೆ, ಗೌರವ, ಹೊಸತನ, ಸಹಕಾರ, ಗ್ರಾಹಕನೇ ಮೊದಲು. ಐದನೆಯದು ಪದವಲ್ಲ, ವಾಕ್ಯ ಎಂದು ನಾನು ತಕರಾರು ತೆಗೆದಿದ್ದೆ, ಯಾರೂ ಕಿವಿಗೊಡಲಿಲ್ಲ.

ಬಣ್ಣ ಒಣಗಿ ಎರಡು ತಿಂಗಳಾಗಿತ್ತು. ಒಂದು ಶುಕ್ರವಾರ ಸಂಜೆ, ಗ್ರಾಹಕರಿಗೆ ಕಳುಹಿಸಬೇಕಾದ ವರದಿಯಲ್ಲಿ ಒಂದು ತಪ್ಪು ಕಣ್ಣಿಗೆ ಬಿತ್ತು. ತಿದ್ದಲು ಕುಳಿತರೆ ಗಡುವು ಮೀರುತ್ತದೆ. ಹಾಗೆಯೇ ಕಳುಹಿಸಿದರೆ ಬಹುಶಃ ಯಾರಿಗೂ ಗೊತ್ತಾಗುವುದಿಲ್ಲ. ಮೂವರು ಹಿರಿಯರು ಮೂರು ದಾರಿ ಹೇಳಿದರು. ಒಬ್ಬರು ಪ್ರಾಮಾಣಿಕತೆಯ ಹೆಸರಿನಲ್ಲಿ ಈಗಲೇ ತಪ್ಪೊಪ್ಪಿಕೊಳ್ಳೋಣ ಎಂದರು. ಇನ್ನೊಬ್ಬರ ಪ್ರಕಾರ ಗ್ರಾಹಕ ಮೊದಲಾದ್ದರಿಂದ ವರದಿ ಹೇಳಿದ ಹೊತ್ತಿಗೆ ತಲುಪಲೇಬೇಕು. ಮೂರನೆಯವರಿಗೆ ಸಹಕಾರ ನೆನಪಾಯಿತು. ತಪ್ಪು ಮಾಡಿದ ಹುಡುಗನನ್ನು ಬಿಟ್ಟುಕೊಡಬಾರದು, ಸುಮ್ಮನಿರೋಣ ಎಂದರು. ಮೂವರೂ ಬೆರಳು ತೋರಿಸಿದ್ದು ಅದೇ ಗೋಡೆಯ ಕಡೆಗೆ. ರಾತ್ರಿ ಹತ್ತಾದರೂ ಜಗಳ ಮುಗಿಯಲಿಲ್ಲ.

ಆ ಭಾನುವಾರ ಮಾಟುಂಗದಲ್ಲಿ ತಾಳಮದ್ದಳೆ ಇತ್ತು. ಮಳೆಗಾಲ ಎಂದರೆ ಮುಂಬಯಿ ಕನ್ನಡಿಗರಿಗೆ ಯಕ್ಷಗಾನದ ಕಾಲ. ತುಳು ತಿಂಗಳು ಬೇಶದ ಹತ್ತನೆಯ ದಿನ, ಪತ್ತನಾಜೆಗೆ, ಕರಾವಳಿಯ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಕಲಾವಿದರು ಇಲ್ಲಿಗೆ ರೈಲು ಹತ್ತುತ್ತಾರೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ ಹಾಡುತ್ತಾರೆ, ಎದುರುಬದುರು ಕುಳಿತ ಅರ್ಥಧಾರಿಗಳು ಆ ಪದವನ್ನು ಹಿಡಿದು ಮಾತಿನಲ್ಲೇ ಪಾತ್ರ ಕಟ್ಟುತ್ತಾರೆ. ಆ ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಅಂದು ಕೃಷ್ಣ ಸಂಧಾನ. ಕೌರವನಾಗಿ ಕುಳಿತವರು ಊರಿನಿಂದ ಬಂದವರು, ಕೃಷ್ಣನ ಅರ್ಥ ಹೇಳಿದವರು ಇಲ್ಲಿಯೇ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಇಬ್ಬರೂ ಮೊದಲ ಬಾರಿಗೆ ಭೇಟಿಯಾಗಿದ್ದು ಅರ್ಧ ಗಂಟೆ ಮುಂಚೆ, ಚಹಾ ಕುಡಿಯುವಾಗ.

ಕೌರವನ ವಾದ ಅಂದು ಹರಿತವಾಗಿತ್ತು. ಕೃಷ್ಣ ಒಂದು ಹಂತದಲ್ಲಿ ಉತ್ತರಕ್ಕೆ ತಡವರಿಸಿದ್ದು ಸಭೆಗೆಲ್ಲ ಕಂಡಿತು. ಇನ್ನೊಂದೇ ಮಾತು ಆಡಿದ್ದರೆ ಎದುರಿನವರು ಪೂರ್ತಿ ಮುಖಭಂಗಪಡುತ್ತಿದ್ದರು, ಚಪ್ಪಾಳೆಯೂ ಸಿಗುತ್ತಿತ್ತು. ಅಷ್ಟರಲ್ಲಿ ಭಾಗವತರು ಪದ ಎತ್ತಿದರು. ಕೌರವ ಬಾಯಿಗೆ ಬಂದಿದ್ದ ಮಾತನ್ನು ನುಂಗಿ, ಶಲ್ಯ ಸರಿಪಡಿಸಿಕೊಂಡು ಸುಮ್ಮನಾದರು. ಯಾರೂ ಅವರನ್ನು ತಡೆದಿರಲಿಲ್ಲ. ಹೆಚ್ಚು ಮಾತನಾಡಿದರೆ ಸಂಭಾವನೆಯಲ್ಲಿ ಕಡಿತವಾಗುತ್ತದೆ ಎಂಬ ಭಯವೂ ಇರಲಿಲ್ಲ.

ಅರ್ಧ ಗಂಟೆಯ ಪರಿಚಯದ ಇಬ್ಬರಿಗೆ ಸಾಧ್ಯವಾದದ್ದು ಏಳು ವರ್ಷ ಒಂದೇ ಮೇಜಿನ ಸುತ್ತ ಕುಳಿತ ನಮಗೆ ಏಕೆ ಸಾಧ್ಯವಾಗಲಿಲ್ಲ? ಈ ಪ್ರಶ್ನೆ ಹಿಡಿದು ಹೊರಟರೆ, ತಂಡವನ್ನು ಮೌಲ್ಯಗಳು ಹಿಡಿದಿಡುತ್ತವೆ ಎಂಬ ಸವೆದ ಮಾತಿನ ಒಳಗೆ ನಿಜಕ್ಕೂ ಏನು ನಡೆಯುತ್ತದೆ ಎಂಬುದು ತಿಳಿಯುತ್ತದೆ.

ನಿರ್ವಹಣಾ ಶಾಸ್ತ್ರದ ವಿಲಿಯಂ ಊಚಿ ಎಂಬ ಅಮೆರಿಕದ ಪ್ರಾಧ್ಯಾಪಕ 1980ರಲ್ಲಿ ಒಂದು ಸರಳ ವಿಂಗಡಣೆ ಮಾಡಿದ. ಹಲವರು ಕೂಡಿ ದುಡಿಯುವಾಗ ಒಬ್ಬರು ಇನ್ನೊಬ್ಬರಿಗೆ ಮೋಸ ಮಾಡದಂತೆ ನೋಡಿಕೊಳ್ಳಲು ಮೂರು ದಾರಿಗಳಿವೆ ಎಂಬುದು ಅವನ ವಾದ. ಮೊದಲನೆಯದು ಸಂತೆ: ಕೆಲಸ ಅಳೆದು ಬೆಲೆ ಕಟ್ಟುವುದು. ಎರಡನೆಯದು ದಫ್ತರು: ನಿಯಮ ಬರೆದು ಮೇಲ್ವಿಚಾರಕನನ್ನು ಕೂರಿಸುವುದು. ಮೂರನೆಯದಕ್ಕೆ ಅವನು ಕೊಟ್ಟ ಹೆಸರನ್ನು ಕನ್ನಡದಲ್ಲಿ ‘ಕುಲ’ ಎನ್ನಬೇಕು. ನಮ್ಮಲ್ಲಿ ಆ ಪದಕ್ಕೆ ಏನೇನು ಅಂಟಿಕೊಂಡಿದೆಯೆಂದು ನೆನೆದು ನಾನು ‘ಬಳಗ’ ಎನ್ನುತ್ತೇನೆ. ಬಳಗದಲ್ಲಿ ಎಲ್ಲರಿಗೂ ಯಾವುದು ಸರಿ ಎಂಬುದರ ಬಗ್ಗೆ ಒಂದೇ ನಂಬಿಕೆ ಇರುತ್ತದೆ, ಆದ್ದರಿಂದ ಅಳತೆಗೋಲೂ ಕಾವಲುಗಾರನೂ ಕಡಿಮೆ ಸಾಕು.

ಇದನ್ನು ಒಂದು ಉಡುಪಿ ಹೋಟೆಲಿನ ಅಡುಗೆಮನೆಗೆ ತಂದು ನೋಡಿ. ದಿನಕ್ಕೆ ಎಷ್ಟು ದೋಸೆ ಹೊಯ್ದ ಎಂದು ಎಣಿಸಬಹುದು. ಅಲ್ಲಿ ಸಂತೆ ಸಾಕು. ತಲೆಗೆ ಟೋಪಿ ಇದೆಯೇ, ನೆಲ ತೊಳೆದಿದ್ದಾರೆಯೇ ಎಂದು ಬಂದು ನೋಡಬಹುದು. ಅಲ್ಲಿ ದಫ್ತರು ಸಾಕು. ಆದರೆ ಬೆಳಗಿನ ಐದು ಗಂಟೆಗೆ ಒಬ್ಬನೇ ಒಲೆ ಹಚ್ಚುವ ಭಟ್ಟರ ಮುಂದೆ ನಿನ್ನೆಯ ಅರ್ಧ ಕೊಳಗ ಸಾಂಬಾರು ಇದೆ. ಅದನ್ನು ಇವತ್ತಿನದಕ್ಕೆ ಬೆರೆಸಿದರೆ ರುಚಿಯಲ್ಲಿ ಯಾರಿಗೂ ವ್ಯತ್ಯಾಸ ತಿಳಿಯದು, ಮಾಲೀಕನಿಗೂ ತಿಳಿಯದು. ಎಣಿಕೆಯೂ ಕಾವಲೂ ತಲುಪದ ಆ ಜಾಗದಲ್ಲಿ ಸಾಂಬಾರು ಚರಂಡಿಗೆ ಹೋಗುತ್ತದೆಯೋ ಕೊಳಗಕ್ಕೆ ಹೋಗುತ್ತದೆಯೋ ಎಂಬುದನ್ನು ತೀರ್ಮಾನಿಸುವುದು ಭಟ್ಟರು ಎಂದೋ ಮನಸ್ಸಿನಲ್ಲಿ ಮಾಡಿಟ್ಟ ಒಂದು ನಿರ್ಧಾರ. ಮೌಲ್ಯ ಎಂಬ ದೊಡ್ಡ ಪದಕ್ಕೆ ನನಗೆ ತಿಳಿದ ಅತಿ ಸಣ್ಣ ಅರ್ಥ ಇದೇ. ಪ್ರಸಂಗ ಬರುವ ಮೊದಲೇ ಮಾಡಿ ಮುಗಿಸಿದ ತೀರ್ಮಾನ.

ಒಬ್ಬನ ಮಟ್ಟಿಗೆ ಇದು ಶೀಲ ಎನಿಸಿಕೊಳ್ಳುತ್ತದೆ. ತಂಡದ ಮಟ್ಟಿಗೆ ಇನ್ನೊಂದು ಲಾಭವಿದೆ. ಭಟ್ಟರು ಏನು ಮಾಡುತ್ತಾರೆಂದು ಬಡಿಸುವವನಿಗೆ ಮೊದಲೇ ಗೊತ್ತಿದ್ದರೆ ಅವನು ಕೊಳಗ ಮೂಸಿ ನೋಡುವುದಿಲ್ಲ. ಕೌರವ ಎಲ್ಲಿ ನಿಲ್ಲುತ್ತಾನೆಂದು ಗೊತ್ತಿದ್ದರೆ ಕೃಷ್ಣ ಧೈರ್ಯವಾಗಿ ಬಿಗಿಯಾದ ವಾದಕ್ಕೆ ಇಳಿಯುತ್ತಾನೆ. ನಂಬಿಕೆ ಎಂದು ನಾವು ಕರೆಯುವುದರ ಬಹುಪಾಲು ಹೀಗೆ ಇನ್ನೊಬ್ಬರ ಮುಂದಿನ ಹೆಜ್ಜೆಯನ್ನು ಊಹಿಸಬಲ್ಲ ನಿಶ್ಚಿಂತೆ. ಪರೀಕ್ಷಿಸುವುದಕ್ಕೆ, ಕೇಳಿ ಒಪ್ಪಿಗೆ ಪಡೆಯುವುದಕ್ಕೆ, ಅನುಮಾನಪಡುವುದಕ್ಕೆ ಖರ್ಚಾಗುವ ಹೊತ್ತು ಉಳಿಯುತ್ತದೆ.

ಮುಂಬಯಿಯಲ್ಲಿದ್ದುಕೊಂಡು ಈ ವಿಷಯ ಬರೆಯುವವನು, ಮನೆಯೂಟದ ಡಬ್ಬಿಗಳನ್ನು ಕಚೇರಿಗಳಿಗೆ ತಲುಪಿಸುವ ಡಬ್ಬಾವಾಲಾಗಳನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ತಪ್ಪಿಲ್ಲದ ಕೆಲಸಕ್ಕೆಂದು ಅವರಿಗೆ ಸಿಕ್ಕಿತೆನ್ನುವ ಸಿಕ್ಸ್ ಸಿಗ್ಮಾ ಬಿರುದಿನ ಕಥೆಯನ್ನೂ ಲಕ್ಷಾಂತರ ಡಬ್ಬಿಗೆ ಒಂದೇ ತಪ್ಪು ಎಂಬ ಲೆಕ್ಕವನ್ನೂ ನಾನು ಪಕ್ಕಕ್ಕಿಡುತ್ತೇನೆ. ಅವುಗಳಿಲ್ಲದೆಯೂ ಕಥೆ ನಿಲ್ಲುತ್ತದೆ. 1890ರ ಸುಮಾರಿಗೆ ಮಹಾದು ಹಾವಜಿ ಬಚ್ಚೆ ಶುರು ಮಾಡಿದ ಈ ಕೆಲಸ ಏಳಿಗೆಯ ಕಾಲದಲ್ಲಿ ಸುಮಾರು 5,000 ಜನರನ್ನೂ ದಿನಕ್ಕೆ ಸುಮಾರು 2 ಲಕ್ಷ ಡಬ್ಬಿಗಳನ್ನೂ ಮುಟ್ಟಿತ್ತು. ಬೋರಿವಲಿಯ ಮನೆಯಿಂದ ಹೊರಟ ಊಟ ಚರ್ಚ್‌ಗೇಟಿನ ಮೇಜಿಗೆ ಬರುವಷ್ಟರಲ್ಲಿ ಹಲವು ಕೈ ದಾಟುತ್ತದೆ: ಮನೆಮನೆಯಿಂದ ತರುವವನು ಒಬ್ಬ, ನಿಲ್ದಾಣದಲ್ಲಿ ವಿಂಗಡಿಸುವವನು ಒಬ್ಬ, ರೈಲಿನಲ್ಲಿ ಒಯ್ಯುವವನು, ಇಳಿಸಿ ಮತ್ತೆ ವಿಂಗಡಿಸುವವನು, ಮಹಡಿ ಹತ್ತಿ ಕೊಡುವವನು. ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಕೆಲವೇ ಅಕ್ಷರ ಮತ್ತು ಅಂಕಿಗಳಲ್ಲಿ ನಿಲ್ದಾಣ, ಕಟ್ಟಡ, ಮಹಡಿ ಎಲ್ಲ ಅಡಗಿರುತ್ತವೆ. ಲೋಕಲ್ ರೈಲು ನಿಲ್ಲುವುದು ಅರ್ಧ ನಿಮಿಷ. ಅಷ್ಟರಲ್ಲಿ ಮೇಲಿನವರನ್ನು ಕೇಳಿಕೊಂಡು ಬರಲು ಯಾರಿಗೂ ಪುರುಸೊತ್ತಿಲ್ಲ.

ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಸ್ಟೀಫನ್ ಥಾಮ್ಕೆ ಇವರನ್ನು ಅಧ್ಯಯನ ಮಾಡಿದಾಗ ಸಂಘಟನೆ, ಮೇಲುಸ್ತುವಾರಿ, ಕೆಲಸದ ಕ್ರಮ, ಸಂಸ್ಕೃತಿ ನಾಲ್ಕೂ ಒಂದಕ್ಕೊಂದು ಹೊಂದಿಕೊಂಡಿರುವುದನ್ನು ಎತ್ತಿ ಹೇಳಿದರು. ಆ ನಾಲ್ಕನೆಯದರ ಬೇರು ಪುಣೆ ಜಿಲ್ಲೆಯ ಮಾವಳ, ಖೇಡ, ಅಂಬೇಗಾಂವ್, ಜುನ್ನರ್ ಕಡೆಯ ಹಳ್ಳಿಗಳಲ್ಲಿದೆ. ಹೆಚ್ಚಿನವರು ವಾರಕರಿಗಳು, ಪಂಢರಪುರದ ವಿಠಲನ ಭಕ್ತರು. ನಮ್ಮ ಹರಿದಾಸರು ಅಂಕಿತದಲ್ಲಿ ಇಟ್ಟುಕೊಂಡ ಅದೇ ವಿಠಲ. ಹಸಿದವನಿಗೆ ಅನ್ನ ತಲುಪಿಸುವುದು ಅವರಿಗೆ ಸೇವೆಯ ಒಂದು ರೂಪ. ಆದರೆ ಭಕ್ತಿಯೊಂದೇ ಡಬ್ಬಿ ಹೊರುವುದಿಲ್ಲ. ಹದಿನೈದು ಇಪ್ಪತ್ತು ಜನರ ಗುಂಪಿಗೆ ಒಬ್ಬ ಮುಕಾದಮ. ಗುಂಪಿನ ಗಳಿಕೆಯಲ್ಲಿ ಎಲ್ಲರಿಗೂ ಪಾಲು. ಸೇರುವವನು ಸೈಕಲ್ಲು, ಮರದ ತಟ್ಟೆ, ಬಿಳಿ ಅಂಗಿ, ಟೋಪಿಗಳಿಗೆ ತನ್ನ ದುಡ್ಡು ಹಾಕಬೇಕು. ಟೋಪಿ ಇಲ್ಲದೆ ಬಂದರೆ, ಕೆಲಸದ ಹೊತ್ತಿನಲ್ಲಿ ಕುಡಿದಿದ್ದರೆ, ಹೇಳದೆ ತಪ್ಪಿಸಿಕೊಂಡರೆ ದಂಡ.

ಮೌಲ್ಯ ಇರುವಲ್ಲಿ ದಂಡ ಏಕೆ ಬೇಕು ಎಂದು ಕೇಳುವವರಿದ್ದಾರೆ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ, ಆ ವಿಭಾಗದ ಮೊದಲ ಮಹಿಳೆ ಎಲಿನಾರ್ ಆಸ್ಟ್ರಮ್ ಇದಕ್ಕೆ ಒಳ್ಳೆಯ ಉತ್ತರ ಕೊಟ್ಟಿದ್ದಾರೆ. ಸ್ವಿಟ್ಜರ್ಲೆಂಡಿನ ಬೆಟ್ಟದ ಹುಲ್ಲುಗಾವಲು, ಸ್ಪೇನಿನ ನೀರಾವರಿ ಕಾಲುವೆ, ಜಪಾನಿನ ಊರೊಟ್ಟಿನ ಕಾಡುಗಳನ್ನು ಶತಮಾನಗಳ ಕಾಲ ಕೂಡಿ ಕಾಪಾಡಿಕೊಂಡ ಜನರಲ್ಲಿ ಅವರಿಗೆ ಕಂಡದ್ದು ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಕ್ಷೆ. ಮೊದಲ ತಪ್ಪಿಗೆ ಸಣ್ಣದು, ಮರುಕಳಿಸಿದರೆ ದೊಡ್ಡದು, ಹೊರಹಾಕುವುದು ಕಡೆಯ ಮೆಟ್ಟಿಲು. ಟೋಪಿಗೆ ಹಾಕುವ ದಂಡದಿಂದ ಯಾರೂ ಬಡವನಾಗುವುದಿಲ್ಲ. ಉಳಿದವರು ನಿಯಮ ಪಾಲಿಸುತ್ತಿದ್ದಾರೆ, ನಾನೊಬ್ಬನೇ ಪಾಲಿಸಿ ಪೆದ್ದನಾಗುತ್ತಿಲ್ಲ ಎಂಬ ಭರವಸೆಯನ್ನು ಅದು ಪ್ರತಿಯೊಬ್ಬನಿಗೂ ಕೊಡುತ್ತದೆ. ಒಳ್ಳೆಯವನು ಒಳ್ಳೆಯವನಾಗಿ ಉಳಿಯಲು ಈ ಭರವಸೆ ಬೇಕು.

ಹಾಗಾದರೆ ಗೋಡೆಯ ಮೇಲಿನ ಪದಗಳು? ಎಡ್ಗರ್ ಶೈನ್ ಎಂಬ ಮನಶ್ಶಾಸ್ತ್ರಜ್ಞ ಸಂಸ್ಥೆಗಳ ಸಂಸ್ಕೃತಿಯನ್ನು ಮೂರು ಪದರಗಳಾಗಿ ನೋಡಿದ: ಕಣ್ಣಿಗೆ ಕಾಣುವುದು, ಬಾಯಲ್ಲಿ ಹೇಳಿಕೊಳ್ಳುವುದು, ಹೇಳುವ ಅಗತ್ಯವೇ ಇಲ್ಲವೆನ್ನುವಷ್ಟು ಒಳಗೆ ಇಳಿದಿರುವುದು. ಮೂರನೆಯದೇ ನಡೆಸುವುದು. ಅಮೆರಿಕದ ಎನ್ರಾನ್ ಎಂಬ ಇಂಧನ ಕಂಪನಿ ತನ್ನ ನಾಲ್ಕು ಮೌಲ್ಯಗಳೆಂದು ಸಾರಿಕೊಂಡಿದ್ದು ಗೌರವ, ಪ್ರಾಮಾಣಿಕತೆ, ಸಂವಹನ, ಉತ್ಕೃಷ್ಟತೆ. 2001ರ ಡಿಸೆಂಬರಿನಲ್ಲಿ ಲೆಕ್ಕಪತ್ರದ ವಂಚನೆಗಳ ನಡುವೆ ಅದು ದಿವಾಳಿಯಾಯಿತು. ದಾಭೋಳದ ವಿದ್ಯುತ್ ಸ್ಥಾವರದ ಮೂಲಕ ಮಹಾರಾಷ್ಟ್ರಕ್ಕೆ ಚೆನ್ನಾಗಿಯೇ ಪರಿಚಯವಿದ್ದ ಕಂಪನಿ ಅದು. ಅಲ್ಲಿ ಮೂರನೆಯ ಪದರದಲ್ಲಿ ಇದ್ದದ್ದು ಬೇರೆ ಏನೋ. ಷೇರಿನ ಬೆಲೆ ಏರುತ್ತಿದ್ದರೆ ಯಾರೂ ಪ್ರಶ್ನೆ ಕೇಳಬಾರದು ಎಂಬಂಥದು.

ಒಳಗೆ ಇಳಿದಿದೆಯೋ ಇಲ್ಲವೋ ಎಂದು ತಿಳಿಯಲು ನಾನು ಕೇಳುವುದು ಒಂದೇ: ಅದಕ್ಕಾಗಿ ಏನು ಕಳೆದುಕೊಂಡಿರಿ? ಈ ಪ್ರಶ್ನೆಯನ್ನು ನನಗೆ ಕಲಿಸಿದ್ದು ಇಲ್ಲಿನ ಕನ್ನಡ ರಾತ್ರಿಶಾಲೆಗಳ ಕಥೆ. ದಕ್ಷಿಣ ಕನ್ನಡದಿಂದ ಹನ್ನೆರಡು ಹದಿಮೂರು ವರ್ಷದ ಹುಡುಗರು ಬಂದು ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಕಾಲದಲ್ಲಿ ಕೋಟೆ (ಫೋರ್ಟ್) ಪ್ರದೇಶದಲ್ಲಿಯೂ ಸುತ್ತಮುತ್ತಲೂ ಸಂಘಗಳು ರಾತ್ರಿಶಾಲೆ ನಡೆಸಿದವು. ಹಗಲು ಮೇಜು ಒರೆಸಿ ರಾತ್ರಿ ಓದಿ ಮ್ಯಾಟ್ರಿಕ್ ಮುಗಿಸಿದವರು ಮುಂದೆ ವಕೀಲರೂ ಲೆಕ್ಕಪರಿಶೋಧಕರೂ ಆದರು. ಆ ಮಕ್ಕಳ ದುಡಿಮೆಯನ್ನು ಇಂದು ಯಾರೂ ಹೊಗಳುವಂತಿಲ್ಲ, ನಾನೂ ಹೊಗಳುತ್ತಿಲ್ಲ. ನನ್ನ ಗಮನ ಇರುವುದು ಗಡಿಯಾರದ ಮೇಲೆ. ಶಾಲೆ ಶುರುವಾಗುತ್ತಿದ್ದ ಸಂಜೆಯ ಹೊತ್ತೇ ಕಚೇರಿ ಬಿಟ್ಟ ಗಿರಾಕಿಗಳು ಹೋಟೆಲಿಗೆ ನುಗ್ಗುವ ಹೊತ್ತು. ಆಗ ಹುಡುಗನ ಕೈಯಿಂದ ಬಟ್ಟೆ ತೆಗೆದುಕೊಂಡು ‘ನೀನು ಹೊರಡು, ಗಂಟೆ ಹೊಡೆಯುತ್ತದೆ’ ಎಂದ ಮಾಲೀಕನಿಗೆ ವಿದ್ಯೆ ಒಂದು ಮೌಲ್ಯವಾಗಿತ್ತು. ಹುಡುಗರು ಓದಬೇಕು ಎಂದು ವಾರ್ಷಿಕೋತ್ಸವದಲ್ಲಿ ಭಾಷಣ ಮಾಡಿ ಸಂಜೆ ಮಾತ್ರ ಕಳುಹಿಸದವನಿಗೆ ಅದು ಅಲಂಕಾರವಾಗಿತ್ತು. ಇಬ್ಬರನ್ನೂ ಕಂಡಿದ್ದ ಹಿರಿಯರು ನಮ್ಮ ಕಟ್ಟಡದಲ್ಲಿಯೇ ಇದ್ದರು. ಎರಡನೆಯವನ ಬಗ್ಗೆ ಹೇಳುವಾಗಲೂ ಅವರ ದನಿಯಲ್ಲಿ ಕಹಿ ಇರುತ್ತಿರಲಿಲ್ಲ. ‘ಅವರ ಹೋಟೆಲಿನಲ್ಲಿ ಹುಡುಗರು ಆರು ತಿಂಗಳು ನಿಲ್ಲುತ್ತಿರಲಿಲ್ಲ’ ಎಂದಷ್ಟೇ ಹೇಳುತ್ತಿದ್ದರು.

ಇಲ್ಲಿ ನಮ್ಮವರು ಮಾಡುವ ಒಂದು ತಪ್ಪನ್ನು ಹೇಳಲೇಬೇಕು. ಒಂದೇ ಊರಿನವರು, ಒಂದೇ ಭಾಷೆಯವರು ಎಂದ ಕೂಡಲೇ ಮೌಲ್ಯವೂ ಒಂದೇ ಎಂದುಕೊಳ್ಳುತ್ತೇವೆ. ನಾನು ಹನ್ನೊಂದು ವರ್ಷ ಇದ್ದ ಹವ್ಯಾಸಿ ನಾಟಕ ತಂಡದಲ್ಲಿ ಹೆಚ್ಚುಕಡಿಮೆ ಎಲ್ಲರೂ ಒಂದೇ ತಾಲೂಕಿನವರು, ಮಾತಿನ ಧಾಟಿಯೂ ಒಂದೇ, ಮೀನಿನ ಸಾರಿನ ಬಗ್ಗೆ ಅಭಿಪ್ರಾಯವೂ ಒಂದೇ. ತಂಡ ಒಡೆಯಿತು. ಹಣದ ಜಗಳವಲ್ಲ, ಕುರ್ಚಿಯ ಜಗಳವೂ ಅಲ್ಲ. ಡೊಂಬಿವಲಿಯಿಂದ ಬರುತ್ತಿದ್ದ ಒಬ್ಬ ನಟ, ಎರಡು ಪಾಳಿಯ ಕೆಲಸ ಮುಗಿಸಿ, ತಾಲೀಮಿಗೆ ದಿನವೂ ಮುಕ್ಕಾಲು ಗಂಟೆ ತಡವಾಗಿ ತಲುಪುತ್ತಿದ್ದ. ಅವನ ಪಾತ್ರವನ್ನು ಇನ್ನೊಬ್ಬನಿಗೆ ಕೊಡೋಣ ಎಂದರು ಅರ್ಧ ಜನ. ಹೇಳಿದ ಹೊತ್ತಿಗೆ ಒಳ್ಳೆಯ ನಾಟಕ ಕೊಡುವುದಕ್ಕಲ್ಲವೇ ನಾವು ಸೇರಿರುವುದು? ಉಳಿದ ಅರ್ಧ ಜನ ಒಪ್ಪಲಿಲ್ಲ. ದಣಿದು ಬಂದವನಿಗೂ ಬಣ್ಣ ಹಚ್ಚುವ ಅವಕಾಶ ಸಿಗಬೇಕು, ಅದಕ್ಕಲ್ಲವೇ ಈ ಊರಿನಲ್ಲಿ ತಂಡ ಕಟ್ಟಿದ್ದು? ಎರಡೂ ಸರಿ. ಎರಡನ್ನೂ ಹನ್ನೊಂದು ವರ್ಷ ಎಲ್ಲರೂ ಒಪ್ಪಿಕೊಂಡೇ ಬಂದಿದ್ದೆವು. ಎರಡೂ ಎದುರುಬದುರು ನಿಂತ ದಿನ ಯಾವುದು ಮುಂದೆ, ಯಾವುದು ಹಿಂದೆ ಎಂದು ಮಾತ್ರ ನಾವು ಒಮ್ಮೆಯೂ ಮಾತನಾಡಿರಲಿಲ್ಲ.

ಆ ಶುಕ್ರವಾರ ನಮ್ಮ ಕಚೇರಿಯಲ್ಲಿ ಆದದ್ದೂ ಇದೇ. ಐದು ಪದಗಳನ್ನು ಒಂದೇ ಅಳತೆಯ ಅಕ್ಷರದಲ್ಲಿ ಬರೆಸಿದ್ದೆವು. ಬಹುತೇಕ ತಂಡಗಳು ಒಡೆಯುವುದು ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವೆ ಅಲ್ಲ, ಎರಡು ಒಳ್ಳೆಯದರ ನಡುವೆ ಎಂಬುದು ನನ್ನ ಅನುಭವ. ತಾಳಮದ್ದಳೆಯವರಿಗೆ ಈ ಸರತಿ ಸ್ಪಷ್ಟ. ಅರ್ಥಧಾರಿಯ ಪ್ರತಿಭೆಗೆ ಬೆಲೆ ಇದೆ, ಎದುರಾಳಿಯ ಮರ್ಯಾದೆಗೆ ಅದಕ್ಕಿಂತ ಹೆಚ್ಚು, ಪ್ರಸಂಗದ ನಡೆಗೆ ಎಲ್ಲಕ್ಕಿಂತ ಹೆಚ್ಚು. ಕೌರವ ಎಷ್ಟು ಚೆನ್ನಾಗಿ ವಾದಿಸಿದರೂ ಸಂಧಾನ ಮುರಿಯಲೇಬೇಕು, ಯುದ್ಧ ಆಗಲೇಬೇಕು. ಡಬ್ಬಾವಾಲಾಗಳಿಗೂ ಸ್ಪಷ್ಟ. ಗಿರಾಕಿ ದೇವರೇ ಇರಬಹುದು, ಆದರೆ ಮನೆಯವರು ಪದೇ ಪದೇ ಡಬ್ಬಿ ತಡಮಾಡಿ ಕೊಟ್ಟರೆ ಅವರು ಆ ಮನೆಯನ್ನೇ ಬಿಡುತ್ತಾರೆ. ಒಂದು ಡಬ್ಬಿಗಾಗಿ ಕಾದು ರೈಲು ತಪ್ಪಿದರೆ ಉಳಿದವರೆಲ್ಲ ಉಪವಾಸ.

ಈ ಸರತಿಯನ್ನು ಕಲಿಸುವುದು ಹೇಗೆ? ತರಬೇತಿ ಶಿಬಿರದಲ್ಲಿ ಕಲಿತವರನ್ನು ನಾನು ಕಂಡಿಲ್ಲ. ಮೇಳಕ್ಕೆ ಸೇರಿದ ಹುಡುಗ ಮೊದಲು ಪೂರ್ವರಂಗದಲ್ಲಿ ಕೋಡಂಗಿಯಾಗುತ್ತಾನೆ, ಬಾಲಗೋಪಾಲನಾಗುತ್ತಾನೆ. ತನ್ನ ಕುಣಿತ ಮುಗಿದ ಮೇಲೆ ರಾತ್ರಿಯಿಡೀ ಚೌಕಿಯ, ಅಂದರೆ ಬಣ್ಣ ಹಚ್ಚುವ ಕೋಣೆಯ, ಪಕ್ಕದಿಂದ ದೊಡ್ಡವರ ಆಟ ನೋಡುತ್ತಾನೆ. ಯಾರು ಯಾವಾಗ ಮಾತು ಬೆಳೆಸಿದರು, ಯಾರು ನುಂಗಿಕೊಂಡರು, ಮಾತು ಮೀರಿದವನಿಗೆ ಬೆಳಗ್ಗೆ ಬಣ್ಣ ತೆಗೆಯುವಾಗ ಹಿರಿಯರು ಏನೆಂದರು ಎಂಬುದೆಲ್ಲ ಅವನ ಪಾಠ. ಬೈಗುಳ ಯಾವುದಕ್ಕೆ ಬೀಳುತ್ತದೆ, ಯಾವುದಕ್ಕೆ ಬೀಳುವುದಿಲ್ಲ ಎಂಬುದನ್ನು ಹೊಸಬರು ಬಲು ಬೇಗ ಗುರುತಿಸುತ್ತಾರೆ. ಕಚೇರಿಯಲ್ಲಿಯೂ ಹಾಗೆಯೇ. ಬಡ್ತಿ ಯಾರಿಗೆ ಸಿಕ್ಕಿತು ಎಂದು ನೋಡಿದ ಹುಡುಗಿಗೆ ಗೋಡೆ ಓದುವ ಅಗತ್ಯ ಉಳಿಯುವುದಿಲ್ಲ.

ಬಳಗಕ್ಕೆ ಕತ್ತಲೆಯ ಮುಖವೂ ಇದೆ. ಪದ ಬದಲಿಸಿದ ಮಾತ್ರಕ್ಕೆ ‘ಕುಲ’ ಎಲ್ಲಿಯೂ ಹೋಗುವುದಿಲ್ಲ. ನಮ್ಮವರನ್ನಷ್ಟೇ ಸೇರಿಸಿಕೊಂಡರೆ ಹೊಂದಾಣಿಕೆ ಸುಲಭ, ನಿಜ. ಮುಂಬಯಿಯ ಎಷ್ಟೋ ಹೋಟೆಲುಗಳು ಹಾಗೆಯೇ ಬೆಳೆದವು, ಡಬ್ಬಾವಾಲಾಗಳೂ ಹೊರಗಿನವರನ್ನು ಸುಲಭವಾಗಿ ಒಳಗೆ ಬಿಡುವವರಲ್ಲ. ಹೊರಗೆ ನಿಂತವನಿಗೆ ಆ ಒಗ್ಗಟ್ಟು ಬರೀ ಮುಚ್ಚಿದ ಬಾಗಿಲು. ಒಳಗಿರುವವನಿಗೂ ಕಷ್ಟವಿದೆ: ಎಲ್ಲರೂ ಒಂದೇ ರೀತಿ ಯೋಚಿಸುವಲ್ಲಿ ಇದು ತಪ್ಪು ಎಂದು ಹೇಳುವವನು ದ್ರೋಹಿಯಂತೆ ಕಾಣುತ್ತಾನೆ. ಮೌಲ್ಯವಿದ್ದ ಮಾತ್ರಕ್ಕೆ ವ್ಯಾಪಾರ ಉಳಿಯುತ್ತದೆ ಎಂಬ ಖಾತರಿಯೂ ಇಲ್ಲ. 2020ರಲ್ಲಿ ಲೋಕಲ್ ನಿಂತು, ಜನ ಮನೆಯಿಂದಲೇ ಕೆಲಸ ಮಾಡತೊಡಗಿದ ಮೇಲೆ ಡಬ್ಬಾವಾಲಾಗಳ ಸಂಖ್ಯೆ ಬಹಳ ಕುಸಿಯಿತು. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ.

ಒಡೆದ ನಮ್ಮ ನಾಟಕ ತಂಡದಿಂದ ಎರಡು ತಂಡಗಳಾದವು. ಎರಡೂ ಈಗ ಚೆನ್ನಾಗಿಯೇ ನಡೆಯುತ್ತಿವೆ, ಒಡೆಯುವ ಮೊದಲಿಗಿಂತ ಚೆನ್ನಾಗಿ. ಒಂದೇ ಸಭಾಂಗಣವನ್ನು ಹಂಚಿಕೊಳ್ಳುತ್ತವೆ, ಕಿರೀಟ ಮತ್ತು ಗಡ್ಡಗಳನ್ನು ಪರಸ್ಪರ ಎರವಲು ಪಡೆಯುತ್ತವೆ. ಎರಡಕ್ಕೂ ನನಗೆ ಆಮಂತ್ರಣ ಬರುತ್ತದೆ, ಎರಡರಲ್ಲಿಯೂ ಆರೂವರೆ ಗಂಟೆಗೆ ನಾಟಕ ಎಂದು ಅಚ್ಚಾಗಿರುತ್ತದೆ. ಮೊದಲ ತಂಡದ್ದಾದರೆ ನಾನು ದಾದರಿನಲ್ಲಿ ಇಳಿದವನೇ ಹಸಿದ ಹೊಟ್ಟೆಯಲ್ಲಿ ಓಡುತ್ತೇನೆ. ಎರಡನೆಯದಾದರೆ ಮಾಟುಂಗದಲ್ಲಿ ಇಳಿದು ಇಡ್ಲಿ ತಿಂದು, ಒಂದು ಕಾಫಿ ಕುಡಿದು, ಡೊಂಬಿವಲಿಯ ಆ ನಟನ ರೈಲು ಬಂತೇ ಎಂದು ಫೋನು ಮಾಡಿ ಕೇಳಿಕೊಂಡು, ನಿಧಾನವಾಗಿ ನಡೆಯುತ್ತೇನೆ.